ಗಂಗಾನಗರಕ್ಕೆ ಅರಿಣಿಯರು ಬಂದದ್ದು

ಬಾಗಲೂರಿನ ಮುನಿಶಾಮಪ್ಪನ ನಾಲಿಗೆಯ ಮೇಲೆ ‘ಹ’ ಎಂಬ ಅಕ್ಷರ ಎಂದೂ ಹೊರಳಿದ್ದಿಲ್ಲ. ಹಸು ಅಸುವಾಗಿತ್ತು, ಹಾಲು ಆಲಾಗಿತ್ತು, ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಹೆರಿಗೆ ಮಾಡಿಸಿದ ನರ್ಸಮ್ಮ ಅವನ ಮಗಳಿಗೆ ಹರಿಣಿ ಎಂದು ಹೆಸರಿಟ್ಟಿದ್ದಳು. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಹೆಸರು ಕೇಳಿದರು, ಮುನಿಶಾಮಪ್ಪ ಗಟ್ಟಿಯಾಗಿಯೇ ಹೇಳಿದ. ಧಾರವಾಡದ ಕಡೆಯಿಂದ ಹೊಸದಾಗಿ ಬಂದಿದ್ದ ಮೇಷ್ಟ್ರು ಕಿವಿಗೆ ಬಿದ್ದದ್ದನ್ನು ಹಾಗೇ ಬರೆದುಕೊಂಡರು: ಅರಿಣಿ.

ಶಾಲೆಯ ಹುಡುಗರು ಅವಳನ್ನು ಅರಿಶಿನ ಎಂದರು. ಮದುವೆಯಾಗಿ ಕೆಂಪಾಪುರಕ್ಕೆ ಬಂದಾಗ ಪುರೋಹಿತರು, ಸಂಸ್ಕೃತದಲ್ಲಿ ಅರಿ ಎಂದರೆ ಶತ್ರು ಎಂದು ತಿಳಿಸಿದರು. ಅತ್ತೆ ಮುನಿವೆಂಕಟಮ್ಮನಿಗೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ.

ಐವತ್ತು ದಾಟಿದ ಮೇಲೆ ಒಂದು ದಿನ ಅರಿಣಿ ತಡೆಯಲಾರದೆ ತವರಿಗೆ ಹೋಗಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು.

“ಮೇಷ್ಟ್ರು ತಪ್ಪು ಬರ್ದಾಗ ನೀನು ನೋಡ್ಬಾರ್ದಾಗಿತ್ತಾ ಅಪ್ಪಾ?”

“ನಾ ಏಳಿದ್ದೇನು? ಅರಿಣಿ ಅಂತ. ಅವ್ರು ಬರ್ದಿದ್ದೇನು? ಅರಿಣಿ ಅಂತ,” ಎಂದ ಮುನಿಶಾಮಪ್ಪ. “ಅದ್ರಾಗೆ ತಪ್ಪೆಲ್ಲೈತಮ್ಮಾ?”

ಮುದುಕ ತಮಾಷೆ ಮಾಡುತ್ತಿರಲಿಲ್ಲ. ಅರಿಣಿ ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು. ಮರುವಾರವೇ ಹೆಸರು ಬದಲಾಯಿಸಲು ವಕೀಲರ ಹತ್ತಿರ ಅಫಿಡವಿಟ್ ಟೈಪ್ ಮಾಡಿಸಿದಳು. ಸಹಿಯೊಂದು ಬಾಕಿ ಇತ್ತು.

ಅಷ್ಟರಲ್ಲಿ ಸರಳಾ ಗಂಟುಬಿದ್ದಳು. ಅರಿಣಿ ಗಂಗಾನಗರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಅಲ್ಲಿಗೆ ಚೊಚ್ಚಲ ಹೆರಿಗೆಗೆ ಬಂದ ಸರಳಾ ಹನ್ನೆರಡು ಗಂಟೆ ಅವಳ ಕೈ ಹಿಡಿದುಕೊಂಡು, ಗಂಡನಿಗೆ ಬಾಯಿಗೆ ಬಂದಂತೆ ಬೈದು, ಕೊನೆಗೆ ಹೆಣ್ಣು ಹೆತ್ತಳು. ಸುಧಾರಿಸಿಕೊಂಡು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಆಯಾಳ ಎದೆಯ ಮೇಲಿದ್ದ ಹೆಸರಿನ ಬಿಲ್ಲೆ.

“ಅರಿಣಿ! ಎಷ್ಟ್ ಯೂನಿಕ್ ಆಗಿದೆ ಕಣ್ರೀ. ಮಗೂಗೆ ಇದೇ ಇಡ್ತೀನಿ.”

“ಬೇಡಮ್ಮಾ, ಆಮೇಲೆ ಪೇಚಾಡ್ತೀರ,” ಎಂದಳು ಅರಿಣಿ. ಸರಳಾ ಕೇಳಲಿಲ್ಲ.

ನಾಮಕರಣಕ್ಕೆ ಅರಿಣಿಯನ್ನೂ ಕರೆದರು. ಸರಳಾಳ ಮಾವ ರಘುನಾಥ್, ರಿಟೈರಾದ ಬ್ಯಾಂಕ್ ಮ್ಯಾನೇಜರ್, ಮೈಕು ಹಿಡಿದು ವಿವರಿಸಿದರು: ಇದು ವೇದಕಾಲದ ಹೆಸರು, ಅರಿಣಿ ಎಂದರೆ ಎಲ್ಲವನ್ನೂ ಅರಿತವಳು, ಇದನ್ನು ಕಂಡುಹಿಡಿಯಲು ತಮಗೆ ಒಂದು ವಾರ ಹಿಡಿಯಿತು. ಜನ ತಲೆದೂಗಿದರು. “ಈಗ ಅರಿಣಿಯಮ್ಮನವರು ಎರಡು ಮಾತಾಡ್ಬೇಕು,” ಎಂದು ಮೈಕನ್ನು ಅವಳ ಕೈಗೆ ಕೊಟ್ಟರು.

ಸುಳ್ಳು ಹೇಳೋಣವೆಂದರೆ ವೇದ ಗೊತ್ತಿರಲಿಲ್ಲ.

“ನಮ್ಮಪ್ಪಂಗೆ ಹ ಅನ್ನಕ್ಕೆ ಬರಲ್ಲ ಸಾರ್, ಅಷ್ಟೇ,” ಎಂದುಬಿಟ್ಟಳು.

ಮೊದಲು ನಕ್ಕವಳು ತೊಟ್ಟಿಲು ತೂಗುತ್ತಿದ್ದ ಸರಳಾ. ನಗು ಊಟದ ಪಂಕ್ತಿಯವರೆಗೂ ಹಬ್ಬಿತು. ರಘುನಾಥ್ ಮಾತ್ರ, “ವೇದದಲ್ಲೂ ಇದೆ, ತೋರಿಸ್ತೀನಿ ಬನ್ನಿ,” ಎಂದು ಸಿಕ್ಕಸಿಕ್ಕವರ ತೋಳು ಹಿಡಿಯುತ್ತಿದ್ದರು. ಯಾರೂ ಹೋಗಲಿಲ್ಲ.

ಹೆಸರು ಹಾಗೇ ಉಳಿಯಿತು. ಮುನಿಶಾಮಪ್ಪನ ಕಥೆ ಸರಳಾಳ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ಹತ್ತಿತು, ಅಲ್ಲಿಂದ ಬಸುರಿಯರ ಗ್ರೂಪಿಗೂ ಹಾರಿತು. ವಕೀಲರು ಫೋನು ಮಾಡಿದಾಗ ಅರಿಣಿ, “ಈಗ ಬದಲಾಯ್ಸಿದ್ರೆ ನನ್ ಹೆಸ್ರು ಇಟ್ಕೊಂಡಿರೋ ಮಗೂಗೆ ಮೋಸ ಆಗುತ್ತೆ ಸಾರ್,” ಎಂದಳು. ಎರಡು ವರ್ಷದೊಳಗೆ ಅದೇ ಆಸ್ಪತ್ರೆಯಲ್ಲಿ ಏಳು ಅರಿಣಿಯರು ಹುಟ್ಟಿದರು.

ಲಸಿಕೆಯ ದಿನ ಡಾಕ್ಟರು ಆ ಹೆಸರು ಕೂಗಿದರೆ ಈಗ ಮೂರ್ನಾಲ್ಕು ತಾಯಂದಿರು ಎದ್ದು ನಿಲ್ಲುತ್ತಾರೆ. ಅದಕ್ಕೇ ಅವರು ಆಯಾಳನ್ನು ದೊಡ್ಡ ಅರಿಣಿಯವರೇ ಎಂದು ಕರೆಯತೊಡಗಿದ್ದಾರೆ. ಅವಳು ಒಂದೇ ಕೂಗಿಗೆ ಓಗೊಡುವುದಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಬಾಗಿಲ ಹಿಂದೆ ನಿಂತು ಕಾಯುತ್ತಾಳೆ.