ನಡುಪುಟದ ಖಾಲಿ ಚೌಕಗಳು

ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತಿರುತ್ತದಲ್ಲ ಒಂದು ಚೀಟಿ, ಅದನ್ನು ಯಾರೂ ಓದುವುದಿಲ್ಲ ಎಂಬುದು ಮಾವನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಯಾಕೆಂದರೆ ಇಪ್ಪತ್ತಾರು ವರ್ಷದಿಂದ ಆ ಚೀಟಿಗಳನ್ನು ಜೋಡಿಸುತ್ತ ಬಂದವನು ಅವನೇ. ಮುದ್ರಣಾಲಯದ ಹಿಂದಿನ ಕೋಣೆ, ಒಂದು ಹಳೇ ಕಂಪ್ಯೂಟರು, ಒಂದು ಭೂತಗನ್ನಡಿ, ಒಂದು ಉಕ್ಕಿನ ಅಳತೆಪಟ್ಟಿ, ಇಷ್ಟೇ ಅವನ ಸಾಮ್ರಾಜ್ಯ. ತಲೆಸುತ್ತು, ವಾಕರಿಕೆ, ಮೈತುರಿಕೆ, ಮಕ್ಕಳ ಕೈಗೆ ಸಿಗದಂತೆ ಇಡುವ ಎಚ್ಚರಿಕೆ, ಎಲ್ಲವನ್ನೂ ಇರುವೆ ಗಾತ್ರದ ಅಕ್ಷರದಲ್ಲಿ ಅಂಗೈಯಗಲದ ಕಾಗದಕ್ಕೆ ತುರುಕುವುದು ಅವನ ಕಸುಬು. "ಡಬ್ಬಿ ಬಿಚ್ಚಿದ ತಕ್ಷಣ ಜನ ಮೊದಲು ಬಿಸಾಕೋದು ನನ್ನ ಕೃತೀನೇ" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ನಗುತ್ತಿದ್ದ ನಿಜ, ಆದರೆ ಒಳಗೊಂದು ಮುಳ್ಳೂ ಇತ್ತು. ಇಷ್ಟು ವರ್ಷದಲ್ಲಿ ಲಕ್ಷಾಂತರ ಚೀಟಿ ಅಚ್ಚಾದವು. ಗುಳಿಗೆಯ ಹೆಸರು, ಕಂಪನಿಯ ಹೆಸರು, ಹೊಟ್ಟೆಯೊಳಗಿನ ಹುಳದ ಹೆಸರು ಕೂಡ ಅಚ್ಚಾಯಿತು. ಅವನ ಹೆಸರು ಒಂದು ಸಲವೂ ಅಚ್ಚಾಗಲಿಲ್ಲ. ಹುಳಕ್ಕಿಂತ ಕಡೆಯಾದೆನೇ ಎಂದು ಆಗಾಗ ಅನಿಸುತ್ತಿತ್ತು.

ಮಾವ ಎಂದು ಕರೆಯುವ ಹಕ್ಕಿದ್ದದ್ದು ಅವನ ಅಕ್ಕನ ಮಗಳೊಬ್ಬಳಿಗೆ. ಆದರೆ ಅವಳ ಬಾಯಿಂದ ಅದು ಬೀದಿಗೆ, ಬೀದಿಯಿಂದ ಮುದ್ರಣಾಲಯಕ್ಕೆ ಹಬ್ಬಿ, ಅವನು ಊರಿಗೆಲ್ಲ ಮಾವನಾಗಿಬಿಟ್ಟಿದ್ದ. ಮದುವೆಯ ಮಾತು ಬಂದಾಗಲೆಲ್ಲ "ಮುಂದಿನ ವರ್ಷ ನೋಡೋಣ" ಎನ್ನುತ್ತ ಐವತ್ತು ದಾಟಿಸಿಕೊಂಡು, ಅಕ್ಕ ಮತ್ತು ಅಕ್ಕನ ಮಗಳ ಜೊತೆ ಒಂದೇ ಮನೆಯಲ್ಲಿ ಇದ್ದವನು. ಹುಡುಗಿ ಸಂಗೀತ ಕಾಲೇಜಿನಲ್ಲಿ ಪಿಟೀಲು ಕಲಿಯುತ್ತಿದ್ದಳು.

ಸಂಗೀತಕ್ಕೂ ಮಾವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಶಾಲೆಯಲ್ಲಿ ಸಾಮೂಹಿಕ ಗಾಯನಕ್ಕೆ ನಿಂತಾಗ ಟೀಚರು ಇವನ ಹತ್ತಿರ ಬಂದು, ಕಿವಿಗೊಟ್ಟು ಕೇಳಿ, ಮೆಲ್ಲಗೆ, "ನೀನು ಬಾಯಿ ಆಡಿಸು ಸಾಕು, ಧ್ವನಿ ಬೇಡ" ಅಂದಿದ್ದರು. ಅಂದಿನಿಂದ ಅವನು ಸಂಗೀತ ಇದ್ದ ಕಡೆ ಬಾಯಿ ಆಡಿಸುವುದನ್ನೂ ಬಿಟ್ಟಿದ್ದ. ಆದರೆ ಅವನ ಕೋಣೆಗೂ ಹುಡುಗಿಯ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ದಿನಾ ಸಾಯಂಕಾಲ ಆರಕ್ಕೆ ಪಿಟೀಲು ಶುರುವಾಗುತ್ತಿತ್ತು. ಒಂದೇ ತುಂಡನ್ನು ಅವಳು ಹತ್ತು ಸಲ, ಹದಿನೈದು ಸಲ ಉಜ್ಜಿದ ಮೇಲೆ ಮಾವನ ತಾಳ್ಮೆ ಮುಗಿದು, ಅಳತೆಪಟ್ಟಿಯಿಂದ ಗೋಡೆಗೆ ಟಕ್ ಟಕ್ ಎಂದು ಎರಡೇಟು. ಆ ಕಡೆ ಪಿಟೀಲು ನಿಲ್ಲುತ್ತಿತ್ತು. ಮಾವ ಉಸಿರು ಬಿಡುವಷ್ಟರಲ್ಲಿ ಮತ್ತೆ ಶುರು. ಮತ್ತೆ ಟಕ್ ಟಕ್. ಇದು ಎರಡು ವರ್ಷದಿಂದ ನಡೆದುಕೊಂಡು ಬಂದಿತ್ತು, ಅಕ್ಕ ಇಬ್ಬರಿಗೂ ಬೈದು ಬೈದು ಕೈಬಿಟ್ಟಿದ್ದಳು.

ಇಂಥವನ ಹತ್ತಿರ ಒಂದು ದಿನ ಹುಡುಗಿ ಬಂದು, "ಮಾವ, ನಮ್ಮ ಕಾಲೇಜಿನ ಪತ್ರಿಕೆಗೆ ಈ ವರ್ಷ ನಾನೇ ಸಂಪಾದಕಿ. ಪುಟ ನೀನೇ ಕಟ್ಟಿಕೊಡಬೇಕು" ಅಂದಳು.

"ಸಂಗೀತದ ಪತ್ರಿಕೇನಾ? ನಾನಾ? ನನ್ನ ಕೈಗೆ ಕೊಟ್ರೆ ಅದನ್ನ ಊಟಕ್ಕೆ ಮುಂಚೆ ಓದಬೇಕೋ ಆಮೇಲೆ ಓದಬೇಕೋ ಅಂತ ಬರೆದುಬಿಡ್ತೀನಿ ನೋಡು."

"ತಮಾಷೆ ಸಾಕು. ಕೊನೇ ಪುಟದಲ್ಲಿ ನಿನ್ನ ಹೆಸರು ಹಾಕ್ತೀವಿ. ಪುಟ ವಿನ್ಯಾಸ ಅಂತ."

ಮಾವ ಅಳತೆಪಟ್ಟಿಯನ್ನು ಕೆಳಗಿಟ್ಟ. ಯೋಚಿಸಿ ಹೇಳುತ್ತೇನೆ ಅಂದ. ಯೋಚಿಸಿದ್ದು ಎಷ್ಟು ಹೊತ್ತು ಅಂದರೆ, ಅವಳು ಬಾಗಿಲು ದಾಟುವ ಮೊದಲೇ "ಆಯ್ತು ಬಿಡು" ಎಂದು ಕೂಗಿದ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಮೊದಲ ಸಭೆ ನಡೆಯಿತು. ಪತ್ರಿಕೆಯ ಹೆಸರು 'ಗಂಟಲು'. ಮಾವ ನಾಲ್ಕು ಹಾಳೆ ತೆಗೆದುಕೊಂಡು, ಒಂದರೊಳಗೊಂದು ಮಡಚಿ, ಪೆನ್ಸಿಲಿನಲ್ಲಿ ಪುಟದ ಸಂಖ್ಯೆ ಹಾಕಿ, "ಹದಿನಾರು. ಇದಕ್ಕೆ ಇನ್ನೊಂದು ಪುಟ ಸೇರಿಸಬೇಕು ಅಂದ್ರೆ ಒಂದಲ್ಲ, ನಾಲ್ಕು ಸೇರಿಸಬೇಕು" ಎಂದು ಗತ್ತಿನಿಂದ ತೋರಿಸಿದ. ಕೊಳಲು ನುಡಿಸುವ ಉದ್ದನೆಯ ಹುಡುಗನೊಬ್ಬ, ಉಪಸಂಪಾದಕನಂತೆ, ಬಾಯಿ ಬಿಟ್ಟುಕೊಂಡು ನೋಡಿದ. ಮಾವನಿಗೆ ಜನ್ಮದಲ್ಲಿ ಮೊದಲ ಸಲ ತಾನು ಪ್ರೊಫೆಸರ್ ಅನಿಸಿತು.

ಆ ಗತ್ತು ಅರ್ಧ ಗಂಟೆಯೂ ಬಾಳಲಿಲ್ಲ. ಕೊಳಲಿನ ಹುಡುಗನಿಗೆ ಮುಖಪುಟ ಕಪ್ಪಿನ ಮೇಲೆ ಕಪ್ಪು ಅಕ್ಷರದಲ್ಲಿ ಬೇಕಿತ್ತು. "ಓದೋದು ಹೇಗೋ?" ಅಂದರೆ, "ಓದೋಕಲ್ಲ ಮಾವ, ಅನುಭವಿಸೋಕೆ" ಅಂದ. ತಬಲದವರ ಬೆರಳಿನ ಗಂಟುಗಳ ಬಗ್ಗೆ ಒಂದು ಲೇಖನ, ವಾದ್ಯ ರಿಪೇರಿಯವನ ಸಂದರ್ಶನ, ಅಭ್ಯಾಸದ ಕಾಟ ತಡೆಯಲಾರದೆ ಅಕ್ಕಪಕ್ಕದ ಮನೆಯವರು ಬರೆದ ದೂರುಪತ್ರಗಳಿಗೆ ಎರಡು ಪುಟ. ಆ ಎರಡು ಪುಟದ ಯೋಜನೆ ಕೇಳಿ ಮಾವ ಸುಮ್ಮನೆ ಕನ್ನಡಕ ಒರೆಸಿಕೊಂಡ.

ಅವನು ಕಟ್ಟಿ ತಂದ ಮೊದಲ ಪುಟಗಳನ್ನು ನೋಡಿ ಹುಡುಗಿ ತಲೆಗೆ ಕೈ ಹಚ್ಚಿ ಕೂತಳು. ಅಂಚಿನಿಂದ ಅಂಚಿಗೆ ಅಕ್ಷರ, ಸೂಜಿ ಊರಲು ಜಾಗವಿಲ್ಲ. "ಮಾವ, ಇದನ್ನ ಓದಿದವರಿಗೆ ಉಸಿರು ಕಟ್ಟುತ್ತೆ. ಸ್ವಲ್ಪ ಜಾಗ ಬಿಡು."

"ಖಾಲಿ ಜಾಗ ಬಿಡೋದಕ್ಕೆ ನನ್ನನ್ನ ಯಾಕೆ ಕರೆದೆ? ಅದು ಕಾಗದಕ್ಕೆ ತಾನಾಗೇ ಬರುತ್ತೆ."

ಹಾಗಂದರೂ ಕಲಿತ. ಮಾತು ಕೇಳಿಸಿಕೊಂಡು, ಹಲ್ಲು ಕಚ್ಚಿ, ಅಂಚುಗಳನ್ನು ಅಗಲಿಸಿದ, ಸಾಲುಗಳ ನಡುವೆ ಗಾಳಿ ಬಿಟ್ಟ. ಪ್ರತಿ ಖಾಲಿ ಜಾಗವೂ ಅವನ ಕಣ್ಣಿಗೆ ಉದುರಿದ ಹಲ್ಲಿನ ಹಾಗೆ ಕಾಣುತ್ತಿತ್ತು. ಆದರೂ ಒಂದು ತಿಂಗಳಲ್ಲಿ 'ಗಂಟಲು' ನೋಡುವಂತಾಯಿತು, ಮತ್ತು ಮಾವ ತಾನೊಬ್ಬ ಕಲಾವಿದ ಎಂದು ಗುಟ್ಟಾಗಿ ನಂಬತೊಡಗಿದ. ಕನ್ನಡಿಯ ಮುಂದೆ ಕೂದಲನ್ನು ಹಿಂದಕ್ಕೆ ಬಾಚಿಕೊಂಡದ್ದನ್ನು ಅಕ್ಕ ನೋಡಿ, "ಏನೋ ಇದು, ಕೂದಲಿಗೂ ವಿನ್ಯಾಸವಾ?" ಅಂದಳು.

ನಡುಪುಟ ಮಾತ್ರ ಹುಡುಗಿಯದು. ಆ ಕಾಲೇಜಿನಲ್ಲಿ ಒಂದು ರೂಢಿ: ಪ್ರತಿ ವರ್ಷ ಪತ್ರಿಕೆಯ ನಡುವೆ ವಿದ್ಯಾರ್ಥಿಯೊಬ್ಬರು ಹೊಸದಾಗಿ ಕಟ್ಟಿದ ರಾಗದ ತುಣುಕು ಅಚ್ಚಾಗುತ್ತದೆ. ಬಿಡುಗಡೆಯ ದಿನ ಐದು ಜನ ವೇದಿಕೆಗೆ ಬಂದು, ಆಗಷ್ಟೇ ಪತ್ರಿಕೆ ಬಿಚ್ಚಿ, ಕಂಡದ್ದನ್ನು ಕಂಡ ಹಾಗೆ ನುಡಿಸಬೇಕು. ಅಲ್ಲಿಯವರೆಗೆ ಕಾಲೇಜಿನಲ್ಲಿ ಯಾರೂ ಅದನ್ನು ಕೇಳಿರಬಾರದು. ಕಟ್ಟಿದವರು ಸಭೆಯಲ್ಲಿ ಕೂತು ತುಟಿ ಪಿಟಕ್ಕೆನ್ನಬಾರದು. ಅವಳ ತುಣುಕಿನ ಹೆಸರು 'ಗೋಡೆಯಾಚೆ'. ಸಾಲಿಗೆ ಹದಿನಾರು ಚೌಕ, ಎಂಟು ಸಾಲು, ಚೌಕಕ್ಕೊಂದು ಸ್ವರ. ಪ್ರತಿ ಸಾಲಿನ ಕೊನೆಯ ಎರಡು ಚೌಕ ಖಾಲಿ.

"ಈ ಪುಟಕ್ಕೆ ಮಾತ್ರ ಕೈ ಹಾಕಬೇಡ ಮಾವ, ಇದ್ದ ಹಾಗೇ ಬಿಡು" ಎಂದು ಹೇಳಿ, ಗುರುವಾರ ಅಚ್ಚಿನ ಮಾದರಿಯ ಮೇಲೆ ಸಹಿ ಹಾಕಿ, ಹುಡುಗಿ ಪರೀಕ್ಷೆಗೆ ಓದಲು ಹೋದಳು.

ಶುಕ್ರವಾರ ಬೆಳಿಗ್ಗೆ ಪ್ರಿನ್ಸಿಪಾಲರ ಸಂದೇಶ ಬಂತು. ಅರ್ಧ ಪುಟ ಎಂದಿದ್ದವರು ಒಂದೂಕಾಲು ಪುಟ ಬರೆದಿದ್ದರು. ಮಾವ ತನ್ನ ಹಳೇ ವಿದ್ಯೆಯೆಲ್ಲ ಖರ್ಚು ಮಾಡಿ ಅದನ್ನು ಕೊನೆಯ ಪುಟಕ್ಕೆ ತುರುಕಿದ. ಕಾಲೇಜಿನವರ ಹೆಸರುಗಳೂ ಹಿಡಿದವು. ಒಂದು ಸಾಲು ಮಾತ್ರ ಹೊರಗೆ ಉಳಿಯಿತು: ಪುಟ ವಿನ್ಯಾಸ, ಮತ್ತು ಅವನ ಹೆಸರು.

ಅಚ್ಚಿನ ಯಂತ್ರದವನು ಹೊರಗಿಂದ, "ಮಾವ, ಇನ್ನು ಹತ್ತು ನಿಮಿಷ" ಎಂದು ಕೂಗಿದ. ಮಾವ ಒಂದೊಂದೇ ಪುಟ ತಿರುವಿದ. ಎಲ್ಲೂ ಜಾಗವಿಲ್ಲ. ಕೊನೆಗೆ ನಡುಪುಟಕ್ಕೆ ಬಂದ. ಎಂಟು ಸಾಲು, ಸಾಲಿಗೆ ಎರಡು ಖಾಲಿ ಚೌಕ. ಒಟ್ಟು ಹದಿನಾರು. ಅಂದರೆ ಸರಿಯಾಗಿ ಒಂದು ಸಾಲು! ಔಷಧಿ ಚೀಟಿಯ ಪಟ್ಟಿಯಲ್ಲಿ ಏನೂ ಬರೆಯದ ಚೌಕ ಬಂದರೆ ಅದನ್ನು ಮುಚ್ಚಿ ಮುಂದಿನದನ್ನು ಹಿಂದಕ್ಕೆ ಎಳೆಯುವುದು ಅವನ ಬೆರಳಿಗೆ ಅಂಟಿದ ಅಭ್ಯಾಸ. ಸ್ವರ ಒಂದನ್ನೂ ಮುಟ್ಟುವುದಿಲ್ಲವಲ್ಲ, ಬರೀ ಖಾಲಿ ತಾನೇ ಎಂದು ತನಗೆ ತಾನೇ ವಕೀಲನಾಗಿ ವಾದಿಸಿ, ತಾನೇ ನ್ಯಾಯಾಧೀಶನಾಗಿ ತೀರ್ಪನ್ನೂ ಕೊಟ್ಟುಕೊಂಡ. ಎಂಟು ಸಾಲು ಏಳಾಯಿತು. ಉಳಿದ ಜಾಗದಲ್ಲಿ ಅವನ ಹೆಸರು, ತಂದೆಯ ಹೆಸರಿನ ಮೊದಲಕ್ಷರ ಸಮೇತ, ಪತ್ರಿಕೆಯ ನಟ್ಟನಡುವೆ ಬಂದು ಕೂತಿತು.

ಶನಿವಾರ ಸಭಾಂಗಣ ತುಂಬಿತ್ತು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೂರನೇ ಸಾಲಿನಲ್ಲಿ ಅಕ್ಕನ ಪಕ್ಕ ಕೂತ. ಪತ್ರಿಕೆಯ ಪ್ರತಿ ಕೈಗೆ ಸಿಕ್ಕ ಕೂಡಲೇ ನಡುಪುಟ ಬಿಚ್ಚಿ, ತನ್ನ ಹೆಸರನ್ನು ಮೂರು ಸಲ ಓದಿ, ಇಂಥ ಹೆಸರು ಇಟ್ಟ ಅಪ್ಪನನ್ನು ಮನಸ್ಸಿನಲ್ಲೇ ಮೆಚ್ಚಿದ. ಮುಂದಿನ ಸಾಲಿನಲ್ಲಿ ಹುಡುಗಿ ಬೆರಳು ಹೆಣೆದುಕೊಂಡು ಕೂತಿದ್ದಳು. ಅವಳಿಗಿನ್ನೂ ಪ್ರತಿ ಸಿಕ್ಕಿರಲಿಲ್ಲ.

ಕೊಳಲಿನ ಹುಡುಗನೂ ಸೇರಿ ಐದು ಜನ ನುಡಿಸಲು ಶುರು ಮಾಡಿದರು. ಮೊದಲ ಸಾಲು ಮುಗಿಯಿತು. ಮಾವನ ಬೆರಳು ತನಗೆ ತಾನೇ ತೊಡೆಯ ಮೇಲೆ ತಟ್ಟಲು ಎದ್ದಿತು. ತಟ್ಟುವಷ್ಟರಲ್ಲಿ ಸ್ವರಗಳು ಮುಂದಕ್ಕೆ ಓಡಿಹೋಗಿದ್ದವು. ಎರಡನೇ ಸಾಲಿನಲ್ಲೂ ಹಾಗೇ. ಸಂಗೀತ ತಿಳಿಯದ ಅವನಿಗೂ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಎರಡು ವರ್ಷ ಗೋಡೆಯ ಈ ಕಡೆ ಕೂತು ಕೇಳಿದ್ದು ಇದೇ, ಆದರೆ ಅದು ಹೀಗೆ ಬೆನ್ನಟ್ಟಿಸಿಕೊಂಡು ಓಡುತ್ತಿರಲಿಲ್ಲ. ಕೊಳಲಿನ ಹುಡುಗನಿಗೆ ಉಸಿರೆಳೆಯಲು ಜಾಗವೇ ಸಿಗದೆ ಮುಖ ಕೆಂಪಾಗಿ, ಕಣ್ಣು ಹೊರಗೆ ಬಂದು, ಕೊನೆಯ ಸಾಲಿಗೆ ಬರುವಾಗ ಕೊಳಲಿನಿಂದ ಬರೀ ಗಾಳಿ ಬಂತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಚಪ್ಪಾಳೆಯೂ ಬಿತ್ತು, ಓಟ ಮುಗಿಸಿದವರಿಗೆ ಬೀಳುವಂಥದ್ದು.

ಹುಡುಗಿ ಹಿಂದೆ ತಿರುಗಿ ಮಾವನ ಕೈಯಿಂದ ಪ್ರತಿಯನ್ನು ತೆಗೆದುಕೊಂಡಳು. ಏಳು ಸಾಲು. ಕೆಳಗೆ ಅವನ ಹೆಸರು.

"ಮಾವ, ಖಾಲಿ ಚೌಕಗಳೆಲ್ಲ ಎಲ್ಲಿ?"

"ಅದು... ಖಾಲಿ ಇದ್ವಲ್ಲಮ್ಮಾ. ಕೊನೇ ಪುಟದಲ್ಲಿ ನನಗೆ ಜಾಗ ಸಿಗ್ಲಿಲ್ಲ. ಅದಕ್ಕೇ ಇಲ್ಲಿ..."

ಅವಳ ಕಣ್ಣು ತುಂಬಿತ್ತು. ಕಿರುಚಿದ್ದರೆ ಮಾವ ಹೇಗೋ ತಡೆದುಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಮಾತಾಡಿದಳು.

"ಅಲ್ಲಿ ಇದ್ದದ್ದೂ ನೀನೇ ಮಾವ. ನಾನು ಇದನ್ನ ಕಟ್ಟುವಾಗ ಪ್ರತಿ ಸಾಲಿಗೂ ನೀನು ಗೋಡೆಗೆ ಎರಡು ಸಲ ತಟ್ತಿದ್ದೆ. ನಾನು ನಿಲ್ಲಿಸ್ತಿದ್ದೆ. ಹಾಗೆ ನಿಲ್ಲೋದು ಎಷ್ಟು ಚೆನ್ನಾಗಿತ್ತು ಅಂದ್ರೆ, ಅದನ್ನೇ ಇಟ್ಕೊಂಡೆ. ಎರಡು ಚೌಕ. ನಿನಗೆ ಅಂತಲೇ ಬಿಟ್ಟಿದ್ದು."

ಮಾವನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಎಂಟು ಸಲ ತನಗೆಂದು ಬಿಟ್ಟಿದ್ದ ಜಾಗದಿಂದ ತನ್ನನ್ನು ತಾನೇ ಕಿತ್ತು, ಒಂದು ಸಲ ಹೆಸರು ಬರೆದುಕೊಂಡಿದ್ದ. ಇಪ್ಪತ್ತಾರು ವರ್ಷದ ಅನುಭವ ಬೇಕು ಇಷ್ಟು ದೊಡ್ಡ ಪೆದ್ದನಾಗಲು ಎಂದು ಅವನಿಗೇ ಅನಿಸಿತು. ಆದರೆ ಈ ಸಲ ನಗು ಬರಲಿಲ್ಲ. "ತಪ್ಪಾಯ್ತಮ್ಮಾ" ಅಂದ. ಅಷ್ಟರಲ್ಲಿ ಕೊಳಲಿನ ಹುಡುಗ ಬಂದು, "ಮಾವ, ಮುಂದಿನ ವರ್ಷ ಉಸಿರಾಡೋಕೆ ಒಂದು ಪುಟ ಇಡಿ" ಅಂದ. ಅವಳು ಕಣ್ಣೊರೆಸಿಕೊಂಡು ಸ್ನೇಹಿತರ ಕಡೆ ಹೋದಳು.

ಅಂದು ಸಾಯಂಕಾಲ ಆರಾಯಿತು. ಮಾವ ತನ್ನ ಕೋಣೆಯಲ್ಲಿ ಮಂಚದ ತುದಿಗೆ ಕೂತಿದ್ದ. ಅಳತೆಪಟ್ಟಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದ್ದ. ಇನ್ನು ಜನ್ಮದಲ್ಲಿ ಗೋಡೆ ಮುಟ್ಟುವುದಿಲ್ಲ ಎಂದು ಶಪಥ ಮಾಡಿಯಾಗಿತ್ತು. ಆ ಕಡೆ ಪಿಟೀಲು ಬರುತ್ತದೋ ಇಲ್ಲವೋ ಎಂಬುದೇ ಅವನ ಚಿಂತೆ. ಆರೂ ಹತ್ತು. ಆರೂಕಾಲು. ಆಮೇಲೆ ಬಂತು.

ಮೊದಲ ಸಾಲು ಮುಗಿದು ಪಿಟೀಲು ನಿಂತಿತು. ಮಾವ ಕಾದ. ಮುಂದಿನ ಸಾಲು ಬರಲಿಲ್ಲ. ಅವಳು ಮತ್ತೆ ಮೊದಲಿನಿಂದ ಶುರು ಮಾಡಿ, ಅದೇ ಜಾಗಕ್ಕೆ ಬಂದು, ಮತ್ತೆ ನಿಲ್ಲಿಸಿದಳು. ಅಡುಗೆಮನೆಯಿಂದ ಅಕ್ಕ, "ಎಷ್ಟು ಹೊತ್ತು ಕಾಯಿಸ್ತೀಯೋ ಅವಳನ್ನ?" ಎಂದು ಕೂಗಿದಳು.

ಮಾವ ಧಡಕ್ಕನೆ ಎದ್ದು, ಕಪಾಟು ತೆಗೆದು, ಅಳತೆಪಟ್ಟಿ ಹಿಡಿದು ಗೋಡೆಯ ಹತ್ತಿರ ಓಡಿದ. ಮೂರನೇ ಸಲ ಅವಳು ಆ ಜಾಗಕ್ಕೆ ಬಂದು ನಿಂತಾಗ, ಬಾಯಿ ಆಡಿಸಲಷ್ಟೇ ಅರ್ಹ ಎನಿಸಿಕೊಂಡಿದ್ದವನು ಉಸಿರು ಬಿಗಿಹಿಡಿದು ತಟ್ಟಿದ. ಟಕ್ ಟಕ್ ಟಕ್.

"ಮಾವಾ, ಎರಡೇ!" ಎಂದು ಗೋಡೆಯಾಚೆಯಿಂದ ಅವಳು ಕೂಗಿದಳು.