ಮೊದಲು ಕಾಲು, ಆಮೇಲೆ ಕೀ

ಫೆಬ್ರವರಿ ಹನ್ನೊಂದು, ಭಾನುವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಬರೆಯಲು ಕೂತಿದ್ದೇನೆ.

ಅವರ ಎಡ ಅಂಗೈಯ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಗೆರೆಗಳೇ ಇರಲಿಲ್ಲ. ಗೇರ್ ಹಿಡಿಯ ಗುಂಡು ಉಜ್ಜಿ ಉಜ್ಜಿ ಅಲ್ಲಿನ ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು. ಯಾವ ಗಾಡಿ ಬಂದರೂ ಬಿಚ್ಚುವ ಮೊದಲು ಒಂದು ಸುತ್ತು ಓಡಿಸಿ ಬಂದು, "ಮೂರನೇದು ಅಳ್ತಾ ಇದೆ" ಅನ್ನುವರು. ಬಿಚ್ಚಿದರೆ ಮೂರನೆಯ ಗೇರಿನ ಹಲ್ಲೇ ಸವೆದಿರುತ್ತಿತ್ತು. ಕೋಲಾರದ ಟೊಮೆಟೊ ಮಾರುಕಟ್ಟೆಗೆ ಬರುವ ಲಾರಿಯವರು ಅವರನ್ನು ಗೇರ್‌ಬಾಕ್ಸ್ ಮೇಸ್ತ್ರಿ ಎನ್ನುತ್ತಿದ್ದರು. ನನಗೂ ಅವರು ಮೇಸ್ತ್ರಿಯೇ.

ಅದೇ ಮಾರುಕಟ್ಟೆಯಲ್ಲಿ ಅಪ್ಪನ ಟೊಮೆಟೊ ಹರಾಜಿನ ಮಂಡಿ ಇದೆ. ನಾನು ಹುಟ್ಟುವ ಮೊದಲೇ ಅವರು ಚಿನ್ನದ ಗಣಿಯಿಂದ ನಿವೃತ್ತರಾದ ಎಂಜಿನಿಯರೊಬ್ಬರಿಂದ ಒಂದು ವಿದೇಶಿ ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಕೆಂಪು ಬಣ್ಣ, ಎರಡೇ ಬಾಗಿಲು, ತೀರಾ ತಗ್ಗು. ಗೇರ್ ತಾನಾಗಿ ಬದಲಾಗುವ ಆಟೊಮ್ಯಾಟಿಕ್. ಆ ಗೇರ್‌ಬಾಕ್ಸ್ ಕೆಟ್ಟು, ಬಿಡಿಭಾಗ ಎಲ್ಲೂ ಸಿಗದೆ, ಕಾರು ಆರು ವರ್ಷ ಟಾರ್ಪಾಲಿನ ಕೆಳಗಿತ್ತು. ನನಗೆ ಲೈಸೆನ್ಸ್ ಬಂದ ವರ್ಷ ಅಪ್ಪನನ್ನು ಕಾಡಿ ಅದನ್ನು ಮೇಸ್ತ್ರಿಯ ಶೆಡ್‌ಗೆ ಎಳೆಸಿದೆ.

"ಆಟೊಮ್ಯಾಟಿಕ್ ರಿಪೇರಿ ನನ್ ಕೈಲಾಗಲ್ಲ ಸಾರ್. ಕ್ಲಚ್ ಹಾಕಿ ಕೈ ಗೇರ್ ಮಾಡಿ ಕೊಡ್ತೀನಿ" ಎಂದರು ಮೇಸ್ತ್ರಿ.

"ಓಡ್ಸೋರ್ ಯಾರು ಮೇಸ್ತ್ರಿ? ನಂಗೆ ಕ್ಲಚ್ ಮರ್ತೇ ಹೋಗಿದೆ. ಇವಳಿಗೆ ಕೊಡೋಕೆ ಭಯ" ಎಂದರು ಅಪ್ಪ.

"ಅರೆ, ಬೇಟಿಗೆ ನಾನ್ ಕಲಿಸ್ತೀನಿ, ಬಿಡಿ."

ಅಪ್ಪ ನನ್ನ ಕಡೆ ತಿರುಗಿದರು. "ಒಂದೇ ಒಂದು ಗೀರು ಬಿದ್ರೂ ಕೀ ವಾಪಸ್. ತಿಳೀತಾ?"

ಕೆಲಸಕ್ಕೆ ನಾಲ್ಕು ತಿಂಗಳು ಎಂಟು ದಿನ ಹಿಡಿಯಿತು. ನಾನು ಮೂವತ್ತೊಂದು ಸಲ ಹೋಗಿದ್ದೇನೆ, ದಿನಾಂಕಗಳೆಲ್ಲ ಡೈರಿಯಲ್ಲಿವೆ. ಅದೇ ಮಾದರಿಯ ಕೈ ಗೇರ್‌ಬಾಕ್ಸೊಂದನ್ನು ಮೇಸ್ತ್ರಿ ಬೆಂಗಳೂರಿನ ಗುಜರಿಯಿಂದ ಹುಡುಕಿ ತಂದರು. ಅದರ ದಂಡ ಎಂಜಿನ್ನಿಗೆ ಕೂರುವ ಜಾಗಕ್ಕೆ ಬುಷ್ ಎನ್ನುವ ಹಿತ್ತಾಳೆಯ ಬಳೆ ಕಡೆಸಿದರು. ಮೂರು ಕೂರಲಿಲ್ಲ, ನಾಲ್ಕನೆಯದು ಕೂತಿತು. ಎರಡು ಪೆಡಲ್ ಇದ್ದಲ್ಲಿ ಮೂರು ಬಂದವು.

ಹಳೆಯ ಗೇರ್‌ಬಾಕ್ಸಿನಲ್ಲಿ ಒಂದು ಪುಟ್ಟ ಸ್ವಿಚ್ ಇತ್ತು. ಕಾರು ಗೇರಿನಲ್ಲಿದ್ದರೆ ಅದು ಸ್ಟಾರ್ಟ್ ಆಗಲು ಬಿಡುತ್ತಿರಲಿಲ್ಲ. ಹೊಸದರಲ್ಲಿ ಅದಿಲ್ಲ. ಮೇಸ್ತ್ರಿ ಅದರ ಎರಡು ತಂತಿ ಸೇರಿಸಿ ಟೇಪ್ ಸುತ್ತಿ ಹೇಳಿದರು: "ಇನ್ಮೇಲೆ ಕಾಯೋರ್ ಯಾರೂ ಇಲ್ಲ ಬೇಟಿ. ಗೇರಲ್ಲಿದ್ದಾಗ ಕೀ ತಿರುಗಿಸಿದ್ರೆ ಗಾಡಿ ಹಾರುತ್ತೆ. ಕೂತ್ಕೊ, ಕ್ಲಚ್ ಒತ್ತು. ಮೊದಲು ಕಾಲು, ಆಮೇಲೆ ಕೀ."

ಅವರಿಗೆ ಹ್ಯಾಂಡ್‌ಬ್ರೇಕ್ ಮೇಲೆ ನಂಬಿಕೆಯಿರಲಿಲ್ಲ. ಯಾವ ಗಾಡಿಯನ್ನೂ ಒಂದನೇ ಗೇರಿಗೆ ಹಾಕಿಯೇ ನಿಲ್ಲಿಸುತ್ತಿದ್ದರು. ನಮ್ಮ ಮನೆಯ ಅಭ್ಯಾಸವೇ ಬೇರೆ. ಈ ಕಾರು ಆಟೊಮ್ಯಾಟಿಕ್ ಆಗಿದ್ದಾಗ ಅಪ್ಪ ಬೆಳಿಗ್ಗೆ ಹೊರಗೆ ನಿಂತೇ ಕಿಟಕಿಯಿಂದ ಕೈ ಹಾಕಿ ಕಾರು ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಲೆಂದು ಬಿಟ್ಟು, ಕಾಫಿಗೆ ಹೋಗುವರು. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಹಿಡಿದು ನನ್ನ ಕೈಯಲ್ಲೂ ಕೀ ತಿರುಗಿಸುವರು.

ಮೇಸ್ತ್ರಿ ಮೊದಲು ಕಾಲು, ಆಮೇಲೆ ಕೀ ಎಂದಾಗಲೆಲ್ಲ ನಾನು ತಮಾಷೆಗೆ ಡೈರಿಯ ಕೊನೆಯ ಪುಟದಲ್ಲಿ ಒಂದು ಗೀಟು ಎಳೆಯುತ್ತಿದ್ದೆ.

"ಎಷ್ಟಾಯ್ತು ಡೈರಿ ಮೇಡಮ್?"

"ಹದಿನಾಲ್ಕು."

"ಇಪ್ಪತ್ತಾಗ್ಲಿ, ಬಿರಿಯಾನಿ ಕೊಡಿಸ್ತೀನಿ."

"ನಾವು ತಿನ್ನಲ್ಲ ಮೇಸ್ತ್ರಿ."

"ಹಂಗಾದ್ರೆ ಪೀಸ್ ಇಲ್ದೆ ಬರೀ ಕುಷ್ಕಾ. ಗೀಟು ಮಾತ್ರ ಬಿಡಬೇಡ."

ಹೋದ ವರ್ಷವಲ್ಲ, ಅದರ ಹಿಂದಿನ ವರ್ಷದ ನವೆಂಬರ್ ಇಪ್ಪತ್ತಾರು, ಬೆಳಿಗ್ಗೆ ಹನ್ನೊಂದು. ಹಿಂದಿನ ದಿನವಷ್ಟೇ ಮುಳಬಾಗಿಲು ದಾಟಿ ಬೈರಕೂರಿನವರೆಗೆ ನಾನೇ ಓಡಿಸಿ ಬಂದಿದ್ದೆ. ಅಪ್ಪ ಕಾರು ನೋಡಲು ಬರುವವರಿದ್ದರು. ಮೇಸ್ತ್ರಿ ಕಾರಿಗೂ ಕಬ್ಬಿಣದ ಬೆಂಚಿಗೂ ನಡುವೆ ನಿಂತು ಹೆಡ್‌ಲೈಟ್ ಒರೆಸುತ್ತಿದ್ದರು. ಗೇಟಿನ ಹತ್ತಿರ ಅಪ್ಪನ ಸ್ಕೂಟರ್ ಸದ್ದು ಕೇಳಿತು. ಅವರಿಗೆ ಎಂಜಿನ್ ಸದ್ದು ಕೇಳಿಸುವ ಹುರುಪಿನಲ್ಲಿ ನಾನು ಹೊರಗೆ ನಿಂತೇ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿದೆ.

ಕಾರು ಒಂದಡಿ ಹಾರಿ ನಿಂತಿತು. ಮೇಸ್ತ್ರಿಯ ಎಡ ಮೊಣಕಾಲು ಬಂಪರಿಗೂ ಬೆಂಚಿಗೂ ನಡುವೆ ಸಿಕ್ಕಿತು.

ಅಪ್ಪ ಓಡಿ ಬಂದರು. "ಏನೇ ಮಾಡ್ದೆ?"

ನೆಲದಲ್ಲಿ ಹಲ್ಲು ಕಚ್ಚಿ ಕೂತಿದ್ದ ಮೇಸ್ತ್ರಿಯೇ ಹೇಳಿದರು: "ನನ್ ತಪ್ಪು ಸಾರ್. ಸ್ವಿಚ್ ತೆಗ್ದಿದ್ದು ಬೇಟಿಗೆ ಹೇಳೋದೇ ಮರ್ತೆ."

ಡೈರಿ ನನ್ನ ಕಂಕುಳಲ್ಲೇ ಇತ್ತು.

ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ, "ಅಪ್ಪನಿಗೆ ನಿಜ ಹೇಳ್ತೀನಿ" ಎಂದೆ.

"ಹೇಳಿದ್ರೆ ಕೀ ಬೀರು ಸೇರುತ್ತೆ. ನಾಲ್ಕು ತಿಂಗಳು ಮೈ ಬಗ್ಸಿದ್ದು ಮತ್ತೆ ಟಾರ್ಪಾಲ್ ಹೊದ್ಸೋಕಾ? ಸುಮ್ನೆ ಓಡ್ಸಮ್ಮ."

ನನಗೆ ಸಮಾಧಾನವಾಯಿತು. ಅದನ್ನೂ ಅವತ್ತಿನ ಪುಟದಲ್ಲಿ ಬರೆದಿದ್ದೇನೆ.

ಆ ಮೊಣಕಾಲು ಮತ್ತೆ ಸರಿಯಾಗಿ ಮಡಚಲಿಲ್ಲ. ಕ್ಲಚ್ ಒತ್ತಲಾಗದೆ ಅವರು ಗಾಡಿ ಓಡಿಸುವುದು ನಿಂತಿತು. ಕೂತಲ್ಲೇ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಬಲ್ಲವರಾಗಿದ್ದರು. ಆದರೆ ಅಪ್ಪ ಮಂಡಿಗೆ ಬಂದವರಿಗೆಲ್ಲ, "ಕೆಲ್ಸ ಚೊಕ್ಕ, ಆದ್ರೆ ಪಾಪ, ಮರೆವು ಬಂದ್ಬಿಟ್ಟಿದೆ" ಎನ್ನುತ್ತಿದ್ದರು. ಮರೆಯುವವರ ಕೈಗೆ ಲಾರಿ ಯಾರು ಕೊಡುತ್ತಾರೆ? ಶೆಡ್ಡಿನ ಬಾಗಿಲು ಅರ್ಧ ಮುಚ್ಚಿರತೊಡಗಿತು. ನಾನು ಪಕ್ಕದಲ್ಲೇ ನಿಂತು ಅಪ್ಪನ ಮಾತು ಕೇಳಿಸಿಕೊಂಡಿದ್ದೂ ಇದೆ. ಸುಮ್ಮನಿದ್ದೆ.

ಕೀ ನನ್ನಲ್ಲೇ ಉಳಿಯಿತು. ಇಪ್ಪತ್ತೆರಡು ಭಾನುವಾರ ಮೇಸ್ತ್ರಿಯನ್ನು ಕೂರಿಸಿಕೊಂಡು ಸುತ್ತಿ ಬಂದಿದ್ದೇನೆ. ಪಕ್ಕದ ಸೀಟಿನಿಂದ ಮೈ ತಿರುಚಿ, ಎಡಗೈಯನ್ನೇ ಚಾಚಿ ಗೇರ್ ಹಿಡಿದ ನನ್ನ ಕೈಮೇಲೆ ಇಡುವರು. "ಎರಡನೇದಕ್ಕೆ ಅವಸರ ಮಾಡ್ಬೇಡ" ಎನ್ನುವರು. ಮೊದಲು ಕಾಲು, ಆಮೇಲೆ ಕೀ ಎಂದು ಮಾತ್ರ ಮತ್ತೆ ಯಾವತ್ತೂ ಹೇಳಲಿಲ್ಲ. ಗೀಟು ಹದಿನೇಳಕ್ಕೇ ನಿಂತಿವೆ.

ಈ ವರ್ಷ ಜನವರಿ ಇಪ್ಪತ್ತೆಂಟರಂದು ಮೇಸ್ತ್ರಿ ತೀರಿಕೊಂಡರು. ಮಣ್ಣು ಮುಗಿಸಿ ಬಂದ ಅಪ್ಪನ ಮುಂದೆ ಡೈರಿ ಇಟ್ಟು ಎಲ್ಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಗೀಟುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಕೀ ಕೇಳಲಿಲ್ಲ.

"ಮರೆವು ಅಂತ ಎಷ್ಟು ಜನಕ್ಕೆ ಹೇಳ್ಬಿಟ್ನಲ್ಲೇ ನಾನು" ಎಂದರು.

ಆ ಲೆಕ್ಕ ನನ್ನ ಡೈರಿಯಲ್ಲಿಲ್ಲ. ಆ ಮಾತು ಕೇಳಿ ಗಾಡಿಯನ್ನು ಬೇರೆಡೆಗೆ ಒಯ್ದವರು ಇದನ್ನು ಓದುತ್ತಿದ್ದರೆ ತಿಳಿಯಲಿ: ಮೇಸ್ತ್ರಿ ಮರೆತಿರಲಿಲ್ಲ. ಹದಿನೇಳು ಸಲ ಹೇಳಿದ್ದರು. ಕಾಲು ಹೋದದ್ದು ಹೇಗೆಂದು ಅವರು ನಿಮ್ಮಲ್ಲಿ ಯಾರಿಗಾದರೂ ನಿಜ ಹೇಳಿದ್ದರೆ, ಯಾವ ದಿನ, ಯಾವ ಮಾತಿನಲ್ಲಿ ಹೇಳಿದರೆಂದು ದಯವಿಟ್ಟು ಬರೆದು ತಿಳಿಸಿ. ನನ್ನನ್ನು ಬೈದಿದ್ದರೆ ಅದನ್ನೂ ಬಿಡದೆ ಬರೆಯಿರಿ.