‘ಆತ್ರಿ’ ಅಂದರೆ ಆಗಿದೆ ಅಂತಲ್ಲ

೧೯೯೫ರಲ್ಲಿ ನಾನು ಲಿಂಗಸುಗೂರಿನ ಒಂದು ವಿಭಾಗ ಕಚೇರಿಯಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಇಲಾಖೆಯ ಹೆಸರು ಬೇಡ. ಹಳ್ಳಿಗಳಲ್ಲಿ ನೀರಿನ ಟ್ಯಾಂಕು ಕಟ್ಟಿ, ಪೈಪು ಹಾಕಿ, ನಳ ಕೂಡಿಸುವುದು ನಮ್ಮ ಕೆಲಸ ಎಂದರೆ ಸಾಕು. ನನ್ನ ಊರು ರಾಯಚೂರು. ಸಿಟ್ಟು ಮೂಗಿನ ತುದಿಯಲ್ಲಿ, ಹಿಡಿದದ್ದನ್ನು ಬಿಡುವ ಜಾಯಮಾನ ಅಲ್ಲವೇ ಅಲ್ಲ. ಕಚೇರಿಗೆ ಎರಡು ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು, ನಾನು ನಿಂತಲ್ಲೇ ನಿಂತಿದ್ದೆ. ಹಾಗಾಗಿ ನಮ್ಮ ಕಾರ್ಯನಿರ್ವಾಹಕ ಎಂಜಿನಿಯರ್ ಸಾಹೇಬರು ಆ ಎರಡು ಪೆಟ್ಟಿಗೆಗಳನ್ನು ನನ್ನ ಕೊರಳಿಗೇ ಕಟ್ಟಿದರು.

ಅವುಗಳಿಂದ ಆಗಬೇಕಾದ ಕೆಲಸ ಇಷ್ಟು. ಯಾವ ಊರಿನ ಕಾಮಗಾರಿ ಎಲ್ಲಿಗೆ ಬಂದಿದೆ, ಯಾವುದಕ್ಕೆ ಪೈಪು ಬೇಕು, ಯಾವುದು ಮುಗಿದಿದೆ ಎಂಬುದು ಒಂದೇ ಕಡೆ ಸಿಗಬೇಕು. ಇದಕ್ಕೆ ಪ್ರಾಜೆಕ್ಟ್ ಟ್ರ್ಯಾಕಿಂಗ್ ಎನ್ನುತ್ತಾರೆ. ಮಾಹಿತಿಯ ಕಣಜ, ಅಂದರೆ ಡೇಟಾಬೇಸ್, ಲಿಂಗಸುಗೂರಿನ ಕಂಪ್ಯೂಟರಿನಲ್ಲಿ ಇರುವುದು. ಪೈಪುಗಳಿದ್ದದ್ದು ಸಿಂಧನೂರಿನ ನಮ್ಮ ಉಗ್ರಾಣದಲ್ಲಿ, ಎರಡನೆಯ ಕಂಪ್ಯೂಟರ್ ಅಲ್ಲಿ. ನಡುವೆ ಮಸ್ಕಿಯ ಶಾಖಾ ಕಚೇರಿಗೆ ಒಂದು ಟೆಲಿಫೋನ್ ಬಿಟ್ಟರೆ ಏನೂ ಇಲ್ಲ. ಮಸ್ಕಿಯವರು ಫೋನಿನಲ್ಲಿ ಹೇಳಬೇಕು, ಲಿಂಗಸುಗೂರಿನಲ್ಲಿ ನಮ್ಮ ಶಾರದಾ ಟೈಪ್ ಮಾಡಬೇಕು, ಸಿಂಧನೂರಿನವರು ಅದನ್ನು ತಮ್ಮ ಪರದೆಯ ಮೇಲೆ ನೋಡಿ ಪೈಪು ಕಳಿಸಬೇಕು. ಶಾರದಾ ಟೈಪಿಸ್ಟ್ ಆಗಿ ಸೇರಿದವಳು, ಮುದಗಲ್ ಹುಡುಗಿ, ಬೆರಳೂ ಚುರುಕು, ನಾಲಿಗೆಯೂ ಚುರುಕು.

ಕಂಪ್ಯೂಟರ್ ತಂದಿಟ್ಟ ಕಂಪನಿಯವರು ಸ್ವಿಚ್ ಹಾಕಿ ತೋರಿಸಿ, ಚಹಾ ಕುಡಿದು ಹೋದರು. ಪ್ರೋಗ್ರಾಂ ಹಾಕಿ ನೋಡಿದರೆ ಲಿಂಗಸುಗೂರಿನಲ್ಲಿ ನಡೆಯುತ್ತಿತ್ತು, ಸಿಂಧನೂರಿನಲ್ಲಿ ಅರ್ಧಕ್ಕೆ ಕೈಕೊಡುತ್ತಿತ್ತು. ಅದೇ ಪ್ರೋಗ್ರಾಂ, ಅದೇ ಜಾತಿಯ ಯಂತ್ರ! ಎರಡು ದಿನ ಕೈಪಿಡಿ ಓದಿ ತಲೆ ಕೆಟ್ಟ ಮೇಲೆ ಗೊತ್ತಾಯಿತು. ಪ್ರೋಗ್ರಾಂ ಒಂದೇ ಆದರೆ ಸಾಲದು, ಅದು ಓಡಾಡುವ ಅಂಗಳವೂ ಒಂದೇ ಆಗಿರಬೇಕು. ಅಂಗಳ ಎಂದೆನಲ್ಲ, ಅದಕ್ಕೇ ಎನ್ವಿರಾನ್‌ಮೆಂಟ್ ಎನ್ನುವುದು. ಆಗಿನ ಡಾಸ್ ವ್ಯವಸ್ಥೆ ನಾವು ಏನೂ ಹೇಳದಿದ್ದರೆ ಒಮ್ಮೆಗೆ ಎಂಟು ಫೈಲುಗಳನ್ನು ಮಾತ್ರ ತೆರೆಯಲು ಬಿಡುತ್ತಿತ್ತು. ನಮ್ಮ ಡೇಟಾಬೇಸಿಗೆ ಊರಿನದೊಂದು, ಪೈಪಿನದೊಂದು, ಕಂಟ್ರಾಕ್ಟರನದೊಂದು ಎಂದು ಹತ್ತಾರು ಫೈಲು ಬೇಕು. ಲಿಂಗಸುಗೂರಿನಲ್ಲಿ ಕಂಪನಿಯವರು ಆ ಮಿತಿ ಏರಿಸಿದ್ದರು, ಸಿಂಧನೂರಿನಲ್ಲಿ ಮರೆತಿದ್ದರು. ಅಲ್ಲಿನ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ತಿದ್ದಿ ನಲವತ್ತು ಎಂದು ಬರೆದೆ. ಸಿಂಧನೂರಿನ ಯಂತ್ರ ಸುಮ್ಮನೆ ಕೆಲಸಕ್ಕೆ ನಿಂತಿತು. ಅಂದು ನನಗಾದ ಸಂತೋಷಕ್ಕೆ ಉಗ್ರಾಣದವರಿಗೆಲ್ಲ ಮಿರ್ಚಿ ಭಜಿ ತರಿಸಿದ್ದೆ.

ಇನ್ನು ಎರಡೂ ಯಂತ್ರಗಳನ್ನು ಕೂಡಿಸಬೇಕು. ಅದಕ್ಕೆ ಮೋಡೆಮ್ ಎಂಬ ಡಬ್ಬಿ. ಒಂದು ಕಡೆಯ ಕಂಪ್ಯೂಟರಿನ ಮಾತನ್ನು ಕೀಚಲು ಸದ್ದಾಗಿಸಿ ಟೆಲಿಫೋನ್ ತಂತಿಗೆ ಬಿಡುತ್ತದೆ, ಆ ಕಡೆಯ ಡಬ್ಬಿ ಅದನ್ನು ಮತ್ತೆ ಅಕ್ಷರವಾಗಿಸುತ್ತದೆ. ಅದನ್ನು ಎಬ್ಬಿಸಲು ಇಂಗ್ಲಿಷಿನ A ಮತ್ತು T ಒತ್ತಬೇಕು. ಎಚ್ಚರ ಇದ್ದರೆ ಅದು OK ಎನ್ನುತ್ತದೆ. ಶಾರದಾ ಆ ಎರಡಕ್ಷರವನ್ನು ಕೂಡಿಸಿ ‘ಆತ್’, ಅಂದರೆ ನಮ್ಮ ಕಡೆಯ ‘ಆಯಿತು’, ಎಂದು ಓದಿ ಬಿದ್ದು ಬಿದ್ದು ನಕ್ಕಳು. ನಾವು ಆತ್ ಅಂದರೆ ಅದು ಓಕೆ ಅನ್ನುತ್ತದಲ್ಲ, ಇದು ನಮ್ಮ ಕಡೆಯದೇ ಇರಬೇಕು ಎಂದಳು. ನಾನೂ ನಕ್ಕೆ. ಆಮೇಲೆ ಹೇಳಿಕೊಟ್ಟೆ: ಓಕೆ ಬಂದರೆ ಡಬ್ಬಿಗೆ ಎಚ್ಚರ ಇದೆ ಎಂದಷ್ಟೇ ಅರ್ಥ. ಸಿಂಧನೂರು ಸಿಕ್ಕಿತು ಎಂದಲ್ಲ. ಅದು ಸಿಕ್ಕಾಗ CONNECT ಎಂದು ಬೇರೆಯೇ ಮಾತು ಬರುತ್ತದೆ.

ಆ ಮಾತು ಬರುವುದು ಸುಲಭ ಇರಲಿಲ್ಲ. ಬೆಳಗ್ಗೆ ಸಿಂಧನೂರಿನ ಲೈನುಗಳೆಲ್ಲ ಭತ್ತದ ದರ ಕೇಳುವವರಿಂದ ತುಂಬಿರುತ್ತಿದ್ದವು. ಅಂಗಡಿಯವರು ಉಂಡು ಮಲಗುವ ಮಧ್ಯಾಹ್ನವೇ ನಮಗೆ ಗತಿ. ಲೈನು ಸಿಕ್ಕಾಗಲೂ ಉಗ್ರಾಣದ ಹೊರಕೋಣೆಯಲ್ಲಿ ಅದೇ ಲೈನಿಗೆ ಇನ್ನೊಂದು ಫೋನ್ ಇತ್ತು. ಯಾರೋ ಎತ್ತಿ ‘ಹಲೋ’ ಎಂದರೆ ಮುಗಿಯಿತು, ಸಂಪರ್ಕ ಹರಿದು ಹೋಗುವುದು. ಅಂತೂ ಪರೀಕ್ಷೆಗೆಂದು ಒಂದೆರಡು ಸಲ ಸಣ್ಣ ಫೈಲು ದಾಟಿಸಿದ್ದೆವು. ಪೂರ್ತಿ ಪಟ್ಟಿಯನ್ನು ಮಾತ್ರ ಫ್ಲಾಪಿ ಎಂಬ ತೆಳು ತಟ್ಟೆಗೆ ತುಂಬಿ ಬಸ್ಸಿನಲ್ಲಿ ಕಳಿಸುತ್ತಿದ್ದೆವು. ಸಾಹೇಬರು ಖುಷಿಯಾಗಿ ಒಂದು ಹುಕುಂ ಹೊರಡಿಸಿದರು: ಇನ್ನು ಮುಂದೆ ಸಿಂಧನೂರಿನ ಕಂಪ್ಯೂಟರ್ ಹೇಳಿದ ಊರಿಗೇ ಪೈಪು ಹೋಗಬೇಕು, ಬಾಯಿಮಾತಿಗೆ ಒಂದು ಪೈಪೂ ಕದಲಬಾರದು. ಅಂಥ ಹುಕುಂ ಬೇಕೆಂದು ಅವರ ಬೆನ್ನುಬಿದ್ದವಳು ನಾನೇ.

ಹೀಗಿರುವಾಗ ಒಂದು ಬೆಳಗ್ಗೆ, ಕಚೇರಿಯ ಬಾಗಿಲು ತೆಗೆಯುವುದಕ್ಕೂ ಮೊದಲು, ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ತೊಡೆಯ ಮೇಲೆ ಖಾಲಿ ಕೊಡ. ಮಸ್ಕಿ ಕಡೆಯ ಒಂದು ಸಣ್ಣ ಊರಿನ ದುರುಗಮ್ಮ. ಹೊಸದಾಗಿ ಪಂಚಾಯಿತಿಗೆ ಆರಿಸಿ ಬಂದಿದ್ದಳು, ಊರಿಗೆ ನಳ ತರುತ್ತೇನೆಂದೇ ಆರಿಸಿ ಬಂದಿದ್ದಳು. ಅವರೂರಿನ ಬಾವಿಯದು ಸವಳು ನೀರು. ಸಿಹಿನೀರು ಬೇಕಾದರೆ ಹೆಂಗಸರು ಹಳ್ಳ ದಾಟಿ ಹೋಗಬೇಕು, ಮಳೆ ಹಿಡಿದರೆ ಹಳ್ಳ ದಾಟುವಂತಿಲ್ಲ. ಟ್ಯಾಂಕು ಕಟ್ಟಿ ಆಗಿತ್ತು, ಪೈಪಿಗೆ ಕಾಲುವೆಯಂತೆ ತಗ್ಗೂ ತೋಡಿ ಆಗಿತ್ತು. ಪೈಪು ಮಾತ್ರ ಬಂದಿರಲಿಲ್ಲ. ಮಳೆಗಾಲ ಇನ್ನೇನು ತಲೆಯ ಮೇಲಿತ್ತು. ಕೇಳಿದರೆ ಕಂಟ್ರಾಕ್ಟರ್, ನಿಮ್ಮೂರಿನ ಕೆಲಸ ಮುಗಿದಿದೆ ಎಂದು ಕಂಪ್ಯೂಟರಿನಲ್ಲಿ ಬಂದಿದೆ, ನಾನೇನು ಮಾಡಲಿ ಎಂದಿದ್ದನಂತೆ.

ದುರುಗಮ್ಮ ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಗೆ ಬಂದಳು, ಕೊಡವನ್ನು ಕೀಬೋರ್ಡಿನ ಪಕ್ಕ ಇಟ್ಟಳು.

“ನಿಮ್ಮ ಮಷೀನಿನಾಗ ನಮ್ಮೂರಿಗೆ ನೀರು ಬಂದೈತಂತ. ಹಂಗಾರ ಅದರಾಗಿಂದ ಒಂದು ಕೊಡ ತುಂಬಿ ಕೊಡ್ರಿ, ಒಯ್ತೀನಿ” ಎಂದಳು.

ಶಾರದಾ ಪರದೆಯ ಮೇಲೆ ಆ ಊರನ್ನು ತೆಗೆದಳು. ಹೆಸರಿನ ಮುಂದೆ ‘ಸಿ’ ಎಂದಿತ್ತು. ಸಿ ಎಂದರೆ ಕಂಪ್ಲೀಟ್, ಮುಗಿದಿದೆ. ಹಾಗಾಗಿ ಆ ಊರಿಗೆಂದು ಇಟ್ಟ ಪೈಪುಗಳು ಉಳಿಕೆ ಎಂದಾಗಿ, ಮುಂದಿನ ಊರಿಗೆ, ಗುರುಗುಂಟಾ ಕಡೆಗೆ, ಹೋಗುವ ಪಟ್ಟಿಗೆ ಸೇರಿದ್ದವು. ಸಿಂಧನೂರಿನಲ್ಲಿ ಲಾರಿ ತುಂಬುವುದು ಅವತ್ತೇ. ನನಗೆ ಮೈಯೆಲ್ಲ ಉರಿಯಿತು. ಮಸ್ಕಿಯವನು ಸುಳ್ಳು ಹೇಳಿದ್ದಾನೆ ಎಂದುಕೊಂಡೆ. ಸಾಹೇಬರು ರಾಯಚೂರಿನ ಮೀಟಿಂಗಿಗೆ ಹೋಗಿದ್ದರು, ಫೋನಿಗೆ ಸಿಗಲಿಲ್ಲ. ದುರುಗಮ್ಮನನ್ನು ಕರೆದುಕೊಂಡು ಮಸ್ಕಿ ಬಸ್ಸು ಹತ್ತಿದೆ.

ಮಸ್ಕಿ ಶಾಖೆಯಲ್ಲಿದ್ದವನು ಕಿರಿಯ ಎಂಜಿನಿಯರ್ ಶಂಕ್ರಪ್ಪ. ಒಳ್ಳೆಯ ಕೆಲಸಗಾರ, ಮಾತು ಕಡಿಮೆ. ಆ ಊರಿನ ಕೆಲಸ ಮುಗಿದಿದೆ ಎಂದು ಹೇಗೆ ಹೇಳಿದೆ ಎಂದು ನಾನು ದಬಾಯಿಸಿದರೆ, ಆತ ನನಗಿಂತ ಹೆಚ್ಚು ಗಾಬರಿಯಾದ. ತಾನು ಹೇಳಿಯೇ ಇಲ್ಲ ಎಂದು ಆಣೆ ಹಾಕಿದ. ಜಗಳ ಹತ್ತುವ ಹೊತ್ತಿಗೆ ಫೋನ್ ಬಡಿದುಕೊಂಡಿತು. ಶಾರದಾ ತನ್ನ ದಿನದ ಕೆಲಸ ಶುರು ಮಾಡಿದ್ದಳು. ನಾನು ಶಂಕ್ರಪ್ಪನ ಪಕ್ಕದಲ್ಲೇ ನಿಂತು ಕೇಳಿದೆ. ಆತ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಬರೆದುಕೊಳ್ಳುತ್ತಿದ್ದ. ಆಕೆ ಒಂದೊಂದೇ ಊರಿನ ಹೆಸರು ಹೇಳುತ್ತಿದ್ದಳು. ಈತ ಪ್ರತಿಯೊಂದಕ್ಕೂ ‘ಆತ್ರಿ... ಆತ್ರಿ... ಹ್ಞೂಂ, ಆತ್ರಿ’ ಎನ್ನುತ್ತಿದ್ದ.

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಲೈನಿನಲ್ಲಿ ಯಾವಾಗಲೂ ಗರಗರ ಸದ್ದು. ಶಾರದಾ ಊರಿನ ಹೆಸರು ಹೇಳಿ ಕೆಲಸ ಆಯಿತೇ ಎಂದು ಕೇಳುತ್ತಿದ್ದಳು, ಆ ಸದ್ದಿನಲ್ಲಿ ಈತನಿಗೆ ಹೆಸರಷ್ಟೇ ಕೇಳುತ್ತಿತ್ತು. ಪಟ್ಟಿ ಬರೆಸುತ್ತಿದ್ದಾಳೆ ಎಂದು ಈತ ಬರೆದುಕೊಂಡು ಆತ್ರಿ ಎನ್ನುತ್ತಿದ್ದ. ಆಕೆ ಅಲ್ಲಿ ಸಿ ಒತ್ತುತ್ತಿದ್ದಳು. ಹೆಚ್ಚಿನ ಊರುಗಳ ಕೆಲಸ ನಿಜವಾಗಿಯೂ ಮುಗಿದಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

“ಆತ್ರಿ ಅಂದ್ರ ಕೇಳಿಸ್ತು ಅಂತ್ರಿ ಮೇಡಂ. ಕೆಲಸ ಆಗೈತಿ ಅಂದ್ನೇನ್ರಿ ನಾನು?” ಎಂದ ಶಂಕ್ರಪ್ಪ.

ಫೋನ್ ಕಸಿದುಕೊಂಡು ಶಾರದಾಗೆ ವಿಷಯ ಹೇಳಿದೆ. ಆ ಕಡೆ ಅವಳು ಅಳುವುದೊಂದು ಬಾಕಿ.

“ನಮ್ಮ ಮನ್ಯಾಗ ಅಡಗಿ ಆತೇನು ಅಂದ್ರ ಆತು ಅಂತಾರ್ರಿ ಮೇಡಂ. ಅಂದ್ರ ಉಣ್ಣಾಕ ಕುಂದರ್ತೀವಿ” ಎಂದಳು.

ಅವಳದೂ ತಪ್ಪಲ್ಲ, ಇವನದೂ ತಪ್ಪಲ್ಲ. ಎತ್ತು ಈಯಿತು ಎಂದರೆ ಕರು ಕಟ್ಟು ಎನ್ನುವ ಯಂತ್ರವೊಂದು ನಡುವೆ ಕೂತಿತ್ತು, ಅಷ್ಟೇ. ಆ ಊರಿನ ಸಿ ತೆಗೆದು ‘ಪೈಪು ಬೇಕು’ ಎಂದು ತಿದ್ದಲು ಶಾರದಾಗೆ ಹೇಳಿದೆ. ಮಧ್ಯಾಹ್ನ ಲೈನು ಖಾಲಿಯಾದ ಕೂಡಲೇ ಮೋಡೆಮ್ ಮೂಲಕ ಸಿಂಧನೂರಿಗೆ ಕಳಿಸು, ನಾನು ಅಲ್ಲಿರುತ್ತೇನೆ ಎಂದೆ. ಫ್ಲಾಪಿ ತರಲು ಲಿಂಗಸುಗೂರಿಗೆ ಹಿಂದಿರುಗಿ ಹೋದರೆ ಅಷ್ಟರಲ್ಲಿ ಲಾರಿ ಹೊರಟುಹೋಗುತ್ತಿತ್ತು. ದುರುಗಮ್ಮ ತಾನೂ ಬರುತ್ತೇನೆ ಎಂದಳು. ತನ್ನೂರಿನ ಪೈಪುಗಳನ್ನು ಕಣ್ಣಾರೆ ನೋಡಿಲ್ಲ, ನೋಡುತ್ತೇನೆ ಎಂದಳು.

ಸಿಂಧನೂರಿನ ಉಗ್ರಾಣ ಖಾಜಾಸಾಬರ ವಶದಲ್ಲಿತ್ತು. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ಒಂದು ಬೋಲ್ಟು ಹೆಚ್ಚು ಕೊಟ್ಟವರಲ್ಲ, ಕಡಿಮೆ ಕೊಟ್ಟವರೂ ಅಲ್ಲ. ನಾವು ಹೋದಾಗ ಅರ್ಧ ಲಾರಿ ತುಂಬಿತ್ತು. ನಾನು ನಡೆದದ್ದೆಲ್ಲ ಹೇಳಿ, ನಿಲ್ಲಿಸಿ ಎಂದೆ. ಅವರು ಕನ್ನಡಕ ಹಣೆಗೇರಿಸಿ ಎಲ್ಲ ಕೇಳಿಸಿಕೊಂಡರು.

“ಸಾಹೇಬ್ರು ಹುಕುಂ ಮಾಡ್ಯಾರ, ಮೇಡಂ. ಬಾಯಿಮಾತಿನ ಮ್ಯಾಲ ಪೈಪ್ ಕಳಿಸಾಂಗೂ ಇಲ್ಲ, ನಿಲ್ಲಿಸಾಂಗೂ ಇಲ್ಲ. ಮಷೀನ್ ಹೇಳ್ಲಿ, ಈಗಿಂದೀಗ ಇಳಸ್ತೀನಿ” ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ನಾನೇ ಬೇಡಿ ತಂದ ಹುಕುಮನ್ನು ನಾನೇ ಮುರಿ ಎನ್ನಲಾದೀತೇ? ಸಾಹೇಬರು ಇನ್ನೂ ಸಿಕ್ಕಿರಲಿಲ್ಲ. ಸರಿ, ಹಾಗಿದ್ದರೆ ಯಂತ್ರದ ಬಾಯಿಂದಲೇ ಹೇಳಿಸುತ್ತೇನೆ ಎಂದು ಒಳಗೆ ಹೋಗಿ ಕೂತೆ. ಅಂಗಳದಲ್ಲಿ ದುರುಗಮ್ಮ ಉಳಿದ ಪೈಪುಗಳ ರಾಶಿಯ ಮೇಲೆ ಹತ್ತಿ ಕೂತಳು. ಹಮಾಲರು ಏಳಮ್ಮಾ ಎಂದರೆ, ಮಷೀನು ಹೇಳುವ ತನಕ ತಾನೂ ಏಳುವುದಿಲ್ಲ, ಹುಕುಂ ಎಲ್ಲರಿಗೂ ಒಂದೇ ಎಂದಳಂತೆ.

ಮೊದಲ ಸಲ ಶಾರದಾ ಕರೆದಾಗ ಲೈನು ಸಿಗಲಿಲ್ಲ. ಎರಡನೆಯ ಸಲ ಕೀಚಲು ಸದ್ದು ಬಂತು, ಕನೆಕ್ಟ್ ಎಂಬ ಅಕ್ಷರ ಮೂಡಿತು, ಫೈಲು ಬರತೊಡಗಿತು. ಅಷ್ಟರಲ್ಲಿ ಹೊರಕೋಣೆಯಲ್ಲಿ ಯಾರೋ ಫೋನ್ ಎತ್ತಿ ‘ಹಲೋ, ಯಾರ್ರಿ?’ ಎಂದರು. ಎಲ್ಲ ಹೋಯಿತು. ಆಚೆ ಬಂದು ನಾನು ಕೂಗಾಡಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಕೂಗಾಟ ಕೇಳಿ ಖಾಜಾಸಾಬರು ಎದ್ದು ಬಂದರು. ಯಾಕೆ ಏನು ಎಂದು ತಿಳಿದುಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಆ ಫೋನಿನ ಮುಂದೆ ಕೂತು, ರಿಸೀವರಿನ ಮೇಲೆ ಅಂಗೈ ಒತ್ತಿ ಹಿಡಿದರು. ಇನ್ನು ಇದನ್ನು ಯಾರು ಮುಟ್ಟುತ್ತಾರೋ ನೋಡೋಣ ಎಂದರು.

ಮೂರನೆಯ ಸಲ ಬಂತು. ಸಣ್ಣ ಫೈಲು, ಆದರೂ ಅದು ಪೂರ್ತಿ ದಾಟುವ ತನಕ ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಪ್ರೋಗ್ರಾಂ ತೆರೆದೆ. ಆ ಊರಿನ ಮುಂದಿನ ಸಿ ಹೋಗಿತ್ತು. ಪೈಪು ಬೇಕು ಎಂದು ಬಂದಿತ್ತು. ಪ್ರಿಂಟರ್ ಕಿರ್ ಕಿರ್ ಎನ್ನುತ್ತ ಹೊಸ ಪಟ್ಟಿ ಹೊರಹಾಕಿತು. ಖಾಜಾಸಾಬರು ಅದನ್ನು ಬೆಳಕಿಗೆ ಹಿಡಿದು ಓದಿ, ಸಹಿ ಮಾಡಿ, ಆಚೆ ಹೋಗಿ ಹಮಾಲರಿಗೆ ಲಾರಿಯಿಂದ ಪೈಪು ಇಳಿಸಲು ಹೇಳಿದರು. ದುರುಗಮ್ಮನ ಹತ್ತಿರ ಹೋಗಿ, ಈಗ ಇಳಿಯವ್ವಾ, ನಿನ್ನೂರಿನ ಪೈಪು ನಾಳೆ ನಿನ್ನೂರಿಗೇ ಬರ್ತಾವ ಎಂದರು. ನನಗೆ ಕಣ್ಣು ತುಂಬಿ ಬಂತು, ನಾಚಿಕೆ ಇಲ್ಲದೆ ಸೆರಗಿನಿಂದ ಒರೆಸಿಕೊಂಡೆ.

ಸಾಹೇಬರು ಬಂದ ಮೇಲೆ ಎಲ್ಲ ಕೇಳಿ, ಈ ಕಂಪ್ಯೂಟರಿನ ಉಸಾಬರಿಯೇ ಬೇಡ, ಬಂದ್ ಮಾಡಿ ಎಂದರು. ನಾನು ಒಪ್ಪಲಿಲ್ಲ. ತಪ್ಪು ಮಾಡಿದ್ದು ನಮ್ಮ ಪ್ರಶ್ನೆ, ಅದನ್ನು ತಿದ್ದೋಣ ಎಂದು ವಾದಿಸಿದೆ. ಫೋನಿನಲ್ಲಿ ಆತ್ರಿ ಎನ್ನುವುದನ್ನು ನಿಲ್ಲಿಸಿದೆವು. ಶಾರದಾ ‘ಕೆಲಸ ಆಯಿತೇ’ ಎಂದು ಕೇಳುವ ಬದಲು ‘ನೀರು ಬಂತೇ, ಯಾರು ಕುಡಿದರು’ ಎಂದು ಕೇಳಬೇಕು. ಶಂಕ್ರಪ್ಪ ಕುಡಿದವರ ಹೆಸರು ಹೇಳಬೇಕು. ಹೆಸರಿಲ್ಲದೆ ಯಂತ್ರ ಸಿ ಅಕ್ಷರವನ್ನೇ ತೆಗೆದುಕೊಳ್ಳದಂತೆ ಪ್ರೋಗ್ರಾಂ ತಿದ್ದಿದೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ರೂಢಿಯಾಯಿತು.

ದುರುಗಮ್ಮನ ಊರಿನಲ್ಲಿ ಪೈಪು ಹಾಕಿ ಮುಗಿದ ದಿನ ನಾನೂ ಹೋಗಿದ್ದೆ. ವಾಲ್ವ್ ತಿರುಗಿಸಿದಾಗ ನಳ ಕೆಮ್ಮಿತು, ಮೊದಲು ಕೆಂಪು ರಾಡಿ, ಆಮೇಲೆ ತಿಳಿನೀರು. ಹೆಂಗಸರು ಮುಗಿಬಿದ್ದರು. ದುರುಗಮ್ಮ ಬೊಗಸೆಯಲ್ಲಿ ಹಿಡಿದು ಕುಡಿದಳು, ಸಿಹಿ ಐತಿ ಎಂದಳು. ಹಾಗಾದರೆ ನಿನ್ನ ಹೆಸರಿನಲ್ಲೇ ಮುಗಿಯಿತು ಎಂದು ಬರೆದುಕೊಳ್ಳಲೇ ಎಂದು ಕೇಳಿದೆ.

“ಇವತ್ತು ನೀವು ಬಂದೀರಿ ಅಂತ ಬಂದೈತಿ. ನೀವು ಇಲ್ಲದಾಗೂ ಬರ್ಲಿ, ಆಮ್ಯಾಲ ಬರೀರಿ” ಎಂದಳು.

ನಾನು ಬರೆಯಲಿಲ್ಲ. ತಿಂಗಳ ವರದಿಯಲ್ಲಿ ಆ ಊರೊಂದೇ ಬಾಕಿ ಎಂದು ನಿಂತಿತು. ನೀರು ಬಂದಿದೆಯಲ್ಲ, ಯಾಕೆ ಬಾಕಿ ಎಂದು ಸಾಹೇಬರು ಕೇಳಿದರು. ದುರುಗಮ್ಮ ಇನ್ನೂ ಹೇಳಿಲ್ಲ ಎಂದೆ. ಅವರು ನನ್ನ ಮುಖ ನೋಡಿ ವರದಿಗೆ ಹಾಗೇ ಸಹಿ ಹಾಕಿದರು. ಮಳೆ ಹಿಡಿಯಿತು, ಹಳ್ಳ ತುಂಬಿ ಹರಿಯಿತು ಎಂಬ ಸುದ್ದಿಯೂ ಬಂತು. ಅದಾದ ಮೇಲೆ ಒಂದು ದಿನ ಮಸ್ಕಿಯಿಂದ ಶಂಕ್ರಪ್ಪನ ಫೋನ್ ಬಂತು, ಶಾರದಾ ಎತ್ತಿ ಕೇಳಿಸಿಕೊಂಡು, ನಗುತ್ತ ರಿಸೀವರನ್ನು ನನ್ನ ಕೈಗೆ ಕೊಟ್ಟಳು.

“ಮೇಡಂ, ಹಳ್ಳದ ಕಡೆ ಯಾರೂ ಹೋಗಿಲ್ಲಂತ್ರಿ. ಇನ್ನ ಬರ್ಕೋ ಅನ್ನು ಅಂದಾಳ್ರಿ ದುರುಗಮ್ಮ.”

ಆಗ ಸಿ ಒತ್ತಿದೆ. ಅಲ್ಲಿಂದ ಮುಂದೆ ದೊಡ್ಡ ದೊಡ್ಡ ಕಂಪ್ಯೂಟರುಗಳು ಬಂದವು, ನೆಟ್‌ವರ್ಕ್ ಬಂತು, ಎನ್ವಿರಾನ್‌ಮೆಂಟ್ ಹೊಂದಿಸುವುದೂ ಡೇಟಾಬೇಸ್ ಕೂಡಿಸುವುದೂ ಹುಡುಗರಿಗೆ ಆಟವಾಯಿತು. ನಾನು ಮಾತ್ರ ನಿವೃತ್ತಿಯಾಗುವ ತನಕ ಯಾವ ಊರಿನ ಕೆಲಸವನ್ನೂ, ಆ ಊರಿನವರು ಬರೆದುಕೋ ಎನ್ನದೆ, ಮುಗಿಯಿತು ಎಂದು ಬರೆದಿಲ್ಲ.